ಗೋಲಿಗಾಗಿ ಕತ್ತು ಮುರಿಸಿಕೊಂಡ ಬಾಟಲಿ

ಇಂಗ್ಲೆಂಡಿನ ಹಳೆಯ ಊರುಗಳ ಅಂಚಿನಲ್ಲಿ, ನೂರಿಪ್ಪತ್ತು ವರ್ಷಗಳ ಹಿಂದೆ ಕಸ ಸುರಿಯುತ್ತಿದ್ದ ತಿಪ್ಪೆಗಳನ್ನು ಅಗೆದರೆ ಬೂದಿಯ ನಡುವೆ ಗಾಜಿನ ಬಾಟಲಿಗಳು ಸಿಗುತ್ತವೆ. ಔಷಧದ್ದು, ಶಾಯಿಯದ್ದು, ಬಿಯರಿನದ್ದು. ಅವುಗಳ ನಡುವೆ ದಪ್ಪ ಗಾಜಿನ, ತಿಳಿ ಹಸಿರುನೀಲಿ ಬಣ್ಣದ ಒಂದು ಬಗೆಯ ಬಾಟಲಿ ಮಾತ್ರ ಮತ್ತೆ ಮತ್ತೆ ಕತ್ತು ಮುರಿದೇ ಸಿಗುತ್ತದೆ. ಮಣ್ಣಿನ ಭಾರಕ್ಕೆ ಒಡೆದವು ಕೆಲವಿರಬಹುದು. ಹೆಚ್ಚಿನವನ್ನು ಮಕ್ಕಳು ಬೇಕೆಂದೇ ಒಡೆದಿದ್ದರು. ಅದರ ಕತ್ತಿನೊಳಗೆ ಆಡಲು ಒಂದು ಗೋಲಿ ಇತ್ತು!

ಆ ಬಾಟಲಿ ನಮಗೆ ಹೊಸದಲ್ಲ. ಜಾತ್ರೆಯ ತಳ್ಳುಗಾಡಿಯಲ್ಲಿ, ಬಸ್‌ಸ್ಟ್ಯಾಂಡಿನ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲಿ ‘ಕೀಂ’ ಎಂದು ಕೂಗಿ ತೆರೆದುಕೊಳ್ಳುವ ನಮ್ಮ ಗೋಲಿ ಸೋಡಾದ ಬಾಟಲಿಯೇ ಅದು.

ನೀರಿಗೆ ಗ್ಯಾಸು ಬೆರೆಸುವ ವಿಧಾನವನ್ನು ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಪ್ರಕಟಿಸಿದ. ಹನ್ನೊಂದು ವರ್ಷಗಳ ನಂತರ ಜಿನೀವಾದಲ್ಲಿ ಜೇಕಬ್ ಶ್ವೆಪ್ ಅದನ್ನು ವ್ಯಾಪಾರಕ್ಕೆ ಇಳಿಸಿದ. ಆದರೆ ಗ್ಯಾಸು ಬೆರೆಸಿದಷ್ಟು ಸುಲಭವಾಗಿ ಅದನ್ನು ಹಿಡಿದಿಡಲು ಆಗಲಿಲ್ಲ. ಬಾಟಲಿಯನ್ನು ನಿಲ್ಲಿಸಿಟ್ಟರೆ ಬಾಯಿಗೆ ಬಡಿದ ಬಿರಟೆ ಒಣಗಿ ಕುಗ್ಗುತ್ತಿತ್ತು, ಸಂದಿಯಿಂದ ಗ್ಯಾಸು ಸೋರುತ್ತಿತ್ತು. ಅದಕ್ಕೆಂದೇ ಮೊಟ್ಟೆಯಂತೆ ತಳ ಚೂಪಾದ ಬಾಟಲಿಗಳು ಬಂದವು. ಅವು ನಿಲ್ಲಲಾರವು, ಮಲಗಲೇಬೇಕು. ಮಲಗಿದರೆ ಬಿರಟೆ ಸದಾ ಒದ್ದೆ. ಹ್ಯಾಮಿಲ್ಟನ್ ಬಾಟಲಿ ಎಂದು ಕರೆಯುವ ಈ ಮಾದರಿ ಇಂದಿಗೂ ಸಂಗ್ರಾಹಕರಿಗೆ ಅಚ್ಚುಮೆಚ್ಚು.

ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಈ ಸಮಸ್ಯೆಯನ್ನು ತಿರುಗಿಸಿ ನೋಡಿದ. ಹೊರಗೆ ಓಡಲು ಹವಣಿಸುವ ಗ್ಯಾಸನ್ನೇ ಬಾಗಿಲು ಕಾಯಲು ನಿಲ್ಲಿಸಿದ. ಬಾಟಲಿಯ ಬಾಯೊಳಗೆ ಒಂದು ರಬ್ಬರ್ ಉಂಗುರ, ಕತ್ತಿನಲ್ಲಿ ಒಂದು ಗಾಜಿನ ಗೋಲಿ. ಬಾಟಲಿಯನ್ನು ತಲೆಕೆಳಗಾಗಿಸಿ ಸೋಡಾ ತುಂಬಿದಾಗ ಗೋಲಿ ಜಾರಿ ಉಂಗುರದ ಮೇಲೆ ಕೂರುತ್ತದೆ. ನೆಟ್ಟಗೆ ನಿಲ್ಲಿಸಿದರೂ ಒಳಗಿನ ಒತ್ತಡ ಅದನ್ನು ಬಿಡುವುದಿಲ್ಲ. ಮೇಲಿಂದ ಒತ್ತಿದರೆ ಗೋಲಿ ಕತ್ತಿನ ಕೆಳಗಿನ ಹಿಸುಕಿದಂತಿರುವ ಸೊಂಟದವರೆಗೆ ಇಳಿದು ನಿಲ್ಲುತ್ತದೆ. ಕತ್ತಿನ ಒಂದು ಮಗ್ಗುಲಲ್ಲಿರುವ ಎರಡು ಗುಳಿಗಳೂ ಅಲಂಕಾರಕ್ಕಲ್ಲ. ಕುಡಿಯುವಾಗ ಆ ಮಗ್ಗುಲನ್ನು ಕೆಳಗೆ ಮಾಡಿ ಹಿಡಿದರೆ ಗೋಲಿ ಅಲ್ಲಿ ಸಿಕ್ಕಿ, ಬಾಯಿಗೆ ಅಡ್ಡ ಬರುವುದಿಲ್ಲ. 1872ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಯಾರ್ಕ್‌ಶೈರಿನ ಬಾರ್ನ್ಸ್‌ಲಿಯಲ್ಲಿದ್ದ ರೈಲ್ಯಾಂಡ್ಸ್ ಗಾಜಿನ ಕಾರ್ಖಾನೆ ಇದರ ದೊಡ್ಡ ನೆಲೆಯಾಯಿತು.

ಕಾಡ್ 1887ರಲ್ಲಿ ತೀರಿಕೊಂಡ. ಐದೇ ವರ್ಷಕ್ಕೆ, ಅಮೆರಿಕದಲ್ಲಿ ವಿಲಿಯಂ ಪೇಂಟರ್ ತಗಡಿನ ಬಿರಟೆಗೆ ಪೇಟೆಂಟ್ ಪಡೆದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಕೆಲ್ ಓವೆನ್ಸ್‌ನ ಯಂತ್ರ ಮನುಷ್ಯನ ಉಸಿರಿಲ್ಲದೆ ಬಾಟಲಿ ಊದತೊಡಗಿತು. ಆ ಅಗ್ಗದ ಬಾಟಲಿಗಳ ಎದುರು ಗೋಲಿ ಬಾಟಲಿ ಬ್ರಿಟನ್ನಿನಲ್ಲಿ ಮೂಲೆಗೆ ಸರಿದು, ಕೊನೆಗೆ ತಿಪ್ಪೆಯ ಪದರಗಳಲ್ಲಿ ಉಳಿಯಿತು.

ಹಾಗೆ ಮಣ್ಣಿನಿಂದೆದ್ದ ಬಾಟಲಿಯ ವಯಸ್ಸು ತಿಳಿಯಲು ಸಂಗ್ರಾಹಕರು ಮೊದಲು ಬೆರಳಾಡಿಸುವುದು ಅಚ್ಚಿನ ಗೆರೆಯ ಮೇಲೆ. ಸಾಮಾನ್ಯ ಬಾಟಲಿಯಲ್ಲಿ ಆ ಗೆರೆ ತುಟಿಯ ಕೆಳಗೇ ಮಾಯವಾದರೆ, ಬಾಯನ್ನು ಕೈಯಿಂದ ತಿದ್ದಿದ್ದಾರೆ ಎಂದರ್ಥ. ತುಟಿಯನ್ನು ದಾಟಿ ಮೇಲಕ್ಕೆ ಹೋಗಿದ್ದರೆ ಯಂತ್ರದ ಕೆಲಸ. ಗೋಲಿ ಬಾಟಲಿಗೆ ಮಾತ್ರ ಈ ಪರೀಕ್ಷೆ ಸಾಲದು. ಗೋಲಿಯನ್ನು ಒಳಗಿಟ್ಟ ಮೇಲೆಯೇ ಬಾಯಿ ಕೂರಿಸಬೇಕಾದ್ದರಿಂದ ಇದಕ್ಕೆ ಕೈಕೆಲಸ ತಪ್ಪಿದ್ದಲ್ಲ. ಇಲ್ಲಿ ನಂಬಬೇಕಾದದ್ದು ಉಬ್ಬಕ್ಷರಗಳನ್ನು. ಸೋಡಾ ಕಂಪನಿಯ ಹೆಸರು, ಊರು, ತಳದ ಬಳಿ ಗಾಜು ತಯಾರಿಸಿದವರ ಗುರುತು: ಇವು ಕೂಡಿದರೆ ಕಾಲವನ್ನು ಕೆಲವೇ ವರ್ಷಗಳ ಅಂತರಕ್ಕೆ ಇಳಿಸಬಹುದು.

ಬೆಲೆ ಕಟ್ಟುವಾಗ ಬಣ್ಣವೂ ಮಾತಾಡುತ್ತದೆ. ಮರಳಿನಲ್ಲಿರುವ ಕಬ್ಬಿಣದಿಂದ ಬರುವ ಹಸಿರುನೀಲಿ ತೀರಾ ಸಾಮಾನ್ಯ. ಕೋಬಾಲ್ಟ್ ಬೆರೆಸಿದ ಕಡುನೀಲಿಯ ಗೋಲಿ ಬಾಟಲಿ ಅಪರೂಪ, ಹಾಗಾಗಿ ದುಬಾರಿ. ಸಣ್ಣ ಊರಿನ, ಸ್ವಲ್ಪ ಕಾಲವಷ್ಟೇ ನಡೆದ ಕಂಪನಿಯ ಹೆಸರಿದ್ದರೆ ಬೆಲೆ ಇನ್ನೂ ಏರುತ್ತದೆ. ಬಾಯಿ ಚಕ್ಕೆ ಎದ್ದಿದ್ದರೆ ಇಳಿಯುತ್ತದೆ. ನೆಲದ ತೇವ ಗಾಜಿನೊಳಗಿನ ಕ್ಷಾರವನ್ನು ಹೀರಿದಾಗ ಮೈಮೇಲೆ ಕಾಮನಬಿಲ್ಲಿನ ಪೊರೆ ಮೂಡುತ್ತದೆ. ಅದನ್ನು ಕೊಳೆಯೆಂದು ಮರಳು ಹಾಕಿ ತಿಕ್ಕಬಾರದು.

ನಮ್ಮಲ್ಲಿ ಹಳೆಯ ಮನೆಯ ಹಿತ್ತಿಲಲ್ಲೋ ಬಾವಿಯ ಹೂಳಿನಲ್ಲೋ ಇಂಥದ್ದು ಸಿಕ್ಕರೆ, ಬೆಲೆ ಕೇಳುವ ಮೊದಲು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತೆಂದು ಬರೆದಿಡಬೇಕು. ಜಾಗದ ನೆನಪು ಕಳೆದುಕೊಂಡ ಬಾಟಲಿ ಅರ್ಧ ಮೂಕವಾದಂತೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಂತೂ ಹಾರೆ ಹಾಕಲೇಬಾರದು, ಅದು ಅಪರಾಧ.

ಆದರೂ ಈ ಬಾಟಲಿಯನ್ನು ನೋಡಲು ನಾವು ನೆಲ ಅಗೆಯಬೇಕಿಲ್ಲ. ಜಪಾನಿನಲ್ಲಿ ಅದು ‘ರಾಮುನೆ’ ಎಂಬ ಪಾನೀಯದ ರೂಪದಲ್ಲಿ ಬದುಕಿದೆ. ನಮ್ಮಲ್ಲಿ ಉಪ್ಪು, ನಿಂಬೆಹಣ್ಣಿನ ಜೊತೆ ಬದುಕಿದೆ. ನಮ್ಮ ಸೋಡಾ ಅಂಗಡಿಯವರು ಇದನ್ನು ಹಳೆಯ ವಸ್ತುವೆಂದು ಕಾಪಾಡಿದವರಲ್ಲ. ಒಳಗಿನ ಸೋಡಾಕ್ಕಿಂತ ಹೊರಗಿನ ಬಾಟಲಿ ದುಬಾರಿ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಗಿರಾಕಿ ಕೊನೆಯ ಗುಟುಕು ಕುಡಿಯುವವರೆಗೂ ಎದುರಿಗೇ ನಿಂತು, ಖಾಲಿ ಬಾಟಲಿಗೆ ಕೈ ಚಾಚುತ್ತಿದ್ದರು. ಗೋಲಿಯ ಮೇಲೆ ಕಣ್ಣಿಟ್ಟ ಮಕ್ಕಳು ನಮ್ಮಲ್ಲೂ ಇದ್ದರು. ನೂರೈವತ್ತು ವರ್ಷದ ಒಂದು ಉಪಾಯ ತಿಪ್ಪೆ ಸೇರದೆ ಇಂದಿಗೂ ಕೂಗುತ್ತಿದ್ದರೆ, ಅದು ಆ ಚಾಚಿದ ಕೈಯ ಉಪಕಾರ.