ಗೆರಟೆ ಚೂರಿನ ಮ್ಯಾಗ್ನೆಟ್

ನಮ್ಮಲ್ಲಿ ಗೆರಟೆ ಬಚ್ಚಲೊಲೆಗೆ ಹೋಗುವುದೇ ಹೆಚ್ಚು. ಮಳೆಗಾಲದ ಬಿಡುವಿನಲ್ಲಿ ನಾನು ಅದರಿಂದ ಫ್ರಿಜ್ಜಿಗೆ ಅಂಟಿಸುವ ಅಲಂಕಾರದ ಮ್ಯಾಗ್ನೆಟ್ ಮಾಡುತ್ತೇನೆ. ಖರ್ಚು ಹೆಚ್ಚಿಲ್ಲ. ಅಯಸ್ಕಾಂತ, ಅಂಟು, ಪಾಲಿಷ್ ಪೇಪರ್, ಅಷ್ಟೇ.

ಚೆನ್ನಾಗಿ ಬಲಿತು ಒಣಗಿದ ಗೆರಟೆಯೇ ಆಗಬೇಕು. ಹ್ಯಾಕ್ಸಾ ಬ್ಲೇಡಿನಲ್ಲಿ ಎಲೆ, ಮೀನು, ಮಾವಿನಕಾಯಿಯ ಆಕಾರಕ್ಕೆ ಕೊಯ್ದುಕೊಳ್ಳಿ. 80, 120, 220 ನಂಬರಿನ ಪೇಪರಿನಲ್ಲಿ ಇದೇ ಕ್ರಮದಲ್ಲಿ ತಿಕ್ಕಿ. ಧೂಳು ಬಹಳ ನಯ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಗೆರಟೆಯ ಒಳಮೈ ಗುಳಿ, ಅಯಸ್ಕಾಂತ ಚಪ್ಪಟೆ. ಆದ್ದರಿಂದ ಎಪಾಕ್ಸಿ ಅಂಟಿಗೆ ಮರದ ಹುಡಿ ಕಲಸಿ ಗುಳಿ ತುಂಬಿ, ಮೇಲೆ ಅಯಸ್ಕಾಂತ ಕೂರಿಸಿ. ಅದು ಅಂಚಿಗಿಂತ ತುಸು ಹೊರಗಿರಲಿ. ಎಡೆಯಲ್ಲಿ ಒಂದು ಮಿಲಿಮೀಟರ್ ಬಿಟ್ಟರೂ ಹಿಡಿತ ಬಹಳ ಕುಗ್ಗುತ್ತದೆ. ಒಂದು ದಿನ ಒಣಗಲಿ. ಹತ್ತಿರ ಹತ್ತಿರ ಇಟ್ಟರೆ ಒಂದನ್ನೊಂದು ಎಳೆದು ಜಾರುತ್ತವೆ, ಗೇಣು ದೂರ ಇಡಿ. ತೆಂಗಿನೆಣ್ಣೆಯ ಪಾಲಿಷ್ ಕೊನೆಗೆ. ಮೊದಲೇ ಎಣ್ಣೆ ತಾಗಿದರೆ ಅಂಟು ಹಿಡಿಯದು.

ಯಾವ ಅಯಸ್ಕಾಂತ? ಬೂದುಗಪ್ಪಿನ ಫೆರೈಟ್ ಸಾಕು. ಬೆಳ್ಳಿಬಣ್ಣದ ನಿಯೋಡಿಮಿಯಮ್ ಬಿಲ್ಲೆ ಸಣ್ಣದಾದರೂ ಭಾರೀ ಶಕ್ತಿಯದು. ಕಳಚಿ ಬಿದ್ದ ಎರಡನ್ನು ಮಗು ನುಂಗಿತೋ, ಕರುಳಿನ ಬೇರೆ ಬೇರೆ ಸುರುಳಿಯಿಂದ ಒಂದನ್ನೊಂದು ಸೆಳೆದು, ನಡುವೆ ಸಿಕ್ಕಿದ ಕರುಳನ್ನು ಹಿಂಡಿ ತೂತು ಮಾಡಬಲ್ಲವು. ನುಂಗಿದ ಸಂಶಯ ಬಂದರೂ ಹೊಟ್ಟೆನೋವಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಹಾಗಾಗಿ ನಾನು ಅದನ್ನು ಬಳಸುವುದೇ ಇಲ್ಲ. ಫೆರೈಟ್ ಆದರೂ ಮಕ್ಕಳ ಕೈಗೆಟುಕದ ಎತ್ತರದಲ್ಲಿರಲಿ. ಪೇಸ್‌ಮೇಕರ್ ಇರುವವರು ಯಾವುದನ್ನೂ ಎದೆಯ ಹತ್ತಿರ ತರಬಾರದು.

ಗಾಜಿನ ಬಾಗಿಲಿನ ಫ್ರಿಜ್ಜಿಗೆ ಇವು ಅಂಟುವುದು ಕಷ್ಟ. ಯಾರಿಗಾದರೂ ಕೊಡುವ ಮೊದಲು ಕೇಳಿಕೊಳ್ಳಿ.