ಇಂಜೆಕ್ಷನ್‌ನಿಂದ ತೋಳು ದಪ್ಪ, ತೊಟ್ಟಿಲು ಖಾಲಿ

ಬೆಳಗ್ಗೆ ಮದ್ರಸ ಬಿಡುವ ಹೊತ್ತಿಗೆ ಹಳೆಯ ವಿದ್ಯಾರ್ಥಿಯೊಬ್ಬನ ಉಮ್ಮ ನಮ್ಮ ಬಳಿ ಬಂದರು. "ಉಸ್ತಾದ್, ಮಗನ ಮದುವೆಯಾಗಿ ಎರಡು ವರ್ಷ ದಾಟಿತು, ಮಕ್ಕಳಾಗಿಲ್ಲ. ಸೊಸೆಗೆ ನೀರು ಮಂತ್ರಿಸಿ ಕೊಡಿ" ಎಂದರು. ಸೊಸೆಯನ್ನು ಅಷ್ಟರಲ್ಲಿ ಮೂರು ಡಾಕ್ಟರರಿಗೆ ತೋರಿಸಿದ್ದರು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು. ಮಗನಿಗೆ ಒಂದು ಪರೀಕ್ಷೆಯೂ ಆಗಿರಲಿಲ್ಲ. "ಅವನಿಗೇನು ಉಸ್ತಾದ್, ಜಿಮ್ಮಿಗೆ ಹೋಗುವ ಗಟ್ಟಿ ಹುಡುಗ."

ಹುಡುಗನನ್ನು ಕರೆಸಿ ಕೇಳಿದೆವು. ಗಲ್ಫಿನಲ್ಲಿದ್ದಾಗ ಜಿಮ್ಮಿನ ಗೆಳೆಯ ಕೊಟ್ಟ ಟೆಸ್ಟೋಸ್ಟಿರೋನ್ ಇಂಜೆಕ್ಷನ್ ವಾರಕ್ಕೊಂದರಂತೆ ಹಾಕಿಸಿಕೊಳ್ಳುತ್ತಿದ್ದನಂತೆ. ಊರಿಗೆ ಬಂದ ಮೇಲೂ ಬಿಟ್ಟಿಲ್ಲ. "ಗಂಡಸಿನ ಹಾರ್ಮೋನ್ ಅಲ್ವಾ ಉಸ್ತಾದ್, ಜಾಸ್ತಿಯಾದ್ರೆ ಒಳ್ಳೇದೇ ಅಲ್ವಾ?" ಅಂತ ನಮ್ಮನ್ನೇ ಕೇಳಿದ. ವೀರ್ಯ ಪರೀಕ್ಷೆ ಮಾಡಿಸಿದಾಗ ವೀರ್ಯಾಣುಗಳ ಸಂಖ್ಯೆ ಸೊನ್ನೆ.

ನಾವು ಪಿಯುಸಿವರೆಗೆ ಓದಿದವರು. ಅವನ ಜೊತೆ ಹೋದಾಗ ಡಾಕ್ಟರರು ಕಾಗದದಲ್ಲಿ ಚಿತ್ರ ಬರೆದು ತಿಳಿಸಿದ್ದನ್ನು ಇಲ್ಲಿ ಹೇಳುತ್ತೇವೆ. ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಭಾಗವಿದೆ. ಅದು ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಬಟಾಣಿಯಷ್ಟು ದೊಡ್ಡ ಆ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ಬಂದರೆ ವೃಷಣ ಟೆಸ್ಟೋಸ್ಟಿರೋನ್ ತಯಾರಿಸುತ್ತದೆ, ಎಫ್‌ಎಸ್‌ಎಚ್ ವೀರ್ಯಾಣು ಬೆಳೆಯಲು ನೆರವಾಗುತ್ತದೆ. ಮಿದುಳಿನ ಈ ಸಂದೇಶದ ಹಾರ್ಮೋನನ್ನು ಪತ್ತೆ ಹಚ್ಚಿದ ರೋಜರ್ ಗಿಲ್ಮನ್ ಮತ್ತು ಆಂಡ್ರ್ಯೂ ಶಾಲಿ ಅವರಿಗೆ 1977ರಲ್ಲಿ ನೊಬೆಲ್ ಸಿಕ್ಕಿತ್ತು.

ನಮ್ಮ ಮನೆಗಳ ಟ್ಯಾಂಕಿಯ ಆಟೋಮ್ಯಾಟಿಕ್ ಸ್ವಿಚ್ ನೋಡಿದ್ದೀರಲ್ಲ? ಟ್ಯಾಂಕಿ ತುಂಬಿದರೆ ಬಾವಿಯ ಪಂಪು ತಾನೇ ನಿಲ್ಲುತ್ತದೆ. ನೀರು ಬಾವಿಯದೋ ಟ್ಯಾಂಕರಿನದೋ ಸ್ವಿಚ್ಚಿಗೆ ಗೊತ್ತಿಲ್ಲ. ಹಾಗೆಯೇ ಇಂಜೆಕ್ಷನ್‌ನಿಂದ ರಕ್ತದಲ್ಲಿ ಹಾರ್ಮೋನ್ ತುಂಬಿದಾಗ ಮಿದುಳು ಸಂದೇಶ ನಿಲ್ಲಿಸುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ತಳಕ್ಕೆ ಇಳಿಯುತ್ತವೆ. ಕೆಲಸವಿಲ್ಲದ ವೃಷಣ ಕುಗ್ಗುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟಿರೋನ್ ಬೇಕು. ಅದನ್ನು ಇಂಜೆಕ್ಷನ್ ಕೊಡಲಾರದು. ಹಾಗಾಗಿ ಹೊರಗೆ ಗಡ್ಡ, ಮಾಂಸಖಂಡ, ಹುರುಪು ಎಲ್ಲ ಇರುತ್ತದೆ, ಒಳಗೆ ಉತ್ಪಾದನೆ ಬಂದ್. ಆಶ್ಚರ್ಯವೇನೆಂದರೆ, ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟಿರೋನ್ ಕೊಟ್ಟು ಅದನ್ನು ಗಂಡಸರ ಸಂತಾನ ತಡೆಯಾಗಿ ಬಳಸಬಹುದೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿ 1990ರಲ್ಲೇ ವರದಿ ಕೊಟ್ಟಿತ್ತು. ಹೆಚ್ಚಿನವರಲ್ಲಿ ವೀರ್ಯಾಣು ಸೊನ್ನೆಗೆ ಇಳಿದಿತ್ತು. ನಮ್ಮ ಹುಡುಗ ಹಣ ಕೊಟ್ಟು ಅದನ್ನೇ ಹಾಕಿಸಿಕೊಂಡಿದ್ದ!

ಈ ಔಷಧಿ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹುಟ್ಟಿನಿಂದಲೇ ವೃಷಣದ ತೊಂದರೆ ಇರುವವರಿಗೆ, ಪಿಟ್ಯುಟರಿ ಕಾಯಿಲೆಯವರಿಗೆ ಇದು ಬೇಕೇ ಬೇಕು. ಅಂಥವರು ಈ ಲೇಖನ ಓದಿ ಮದ್ದು ಬಿಡಬಾರದು. ಆದರೆ ಡಾಕ್ಟರರು ಬೆಳಗ್ಗಿನ ರಕ್ತ ಪರೀಕ್ಷೆ ಎರಡು ಸಲ ಮಾಡಿಸಿಯೇ ಶುರು ಮಾಡುತ್ತಾರೆ. ರಕ್ತ ದಪ್ಪವಾಗುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುತ್ತಾರೆ. ಮಕ್ಕಳು ಬೇಕೆನ್ನುವವರಿಗೆ ಬೇರೆ ಮದ್ದು ಕೊಡುತ್ತಾರೆ. ಜಿಮ್ಮಿನ ಗೆಳೆಯ ಇದ್ಯಾವುದನ್ನೂ ಕೇಳುವುದಿಲ್ಲ.

ಹುಡುಗ ಈಗ ಡಾಕ್ಟರರ ಸಲಹೆಯಂತೆ ಇಂಜೆಕ್ಷನ್ ನಿಲ್ಲಿಸಿದ್ದಾನೆ. ಮೊದಲ ವಾರಗಳಲ್ಲಿ ಸುಸ್ತು, ಬೇಸರ, ಸಿಟ್ಟು. ಪಂಪು ಶುರುವಾಗುವ ಮೊದಲೇ ಟ್ಯಾಂಕಿ ಖಾಲಿಯಾಗುತ್ತದಲ್ಲ, ಹಾಗೆ. ಒಂದು ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಎಲ್ಲ ಮೊದಲಿನಂತಾಗಲು ಹಲವರಿಗೆ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಇನ್ನೂ ಹೆಚ್ಚು.

ಮೊನ್ನೆ ಬಂದಿದ್ದ. ಎಲ್‌ಎಚ್ ಸ್ವಲ್ಪ ಮೇಲೆ ಬಂದಿದೆಯಂತೆ, ವೀರ್ಯ ಪರೀಕ್ಷೆ ಮೂರು ತಿಂಗಳ ನಂತರ. "ಉಮ್ಮನಿಗೆ ವಿಷಯ ಹೇಳಿದೆಯಾ?" ಎಂದು ಕೇಳಿದೆವು. ತಲೆ ತಗ್ಗಿಸಿದ. ಆ ದಿನವೇ ಅವನ ಜೊತೆ ಮನೆಗೆ ಹೋಗಿ, ಸೊಸೆಯ ಎದುರಲ್ಲೇ ಉಮ್ಮನಿಗೆ ಎಲ್ಲ ಹೇಳಿ ಬಂದೆವು.