ಗುಡ್ಡೆ ಅಣ್ಣನ ಪಾಲಿಗೆ, ನೀರು ನಮ್ಮ ತೋಟಕ್ಕೆ

ನಮ್ಮ ಕಡೆ ಮನೆಗೆ ಯಾರೇ ಬರಲಿ, ಜಗಲಿಯಲ್ಲಿ ಕೂರಿಸಿ ಮೊದಲು ಕೇಳುವ ಮಾತು ಒಂದೇ: ‘ಆಸರಿಂಗೆ ಎಂತ ಅಕ್ಕು?’ ಕುಡಿಯಲಿಕ್ಕೆ ಏನಾಗಬಹುದು ಎಂದು ಅರ್ಥ. ಒಂದು ತುಂಡು ಬೆಲ್ಲ, ಒಂದು ಚೊಂಬು ತಣ್ಣೀರು ಮುಂದಿಟ್ಟ ಮೇಲೆಯೇ ಉಳಿದ ಮಾತುಕತೆ. ಇದು ನೆಂಟರಿಗೆ ಕೇಳುವ ಮಾತು. ಮನೆಯವರು ಅಡುಗೆಮನೆಗೆ ಹೋಗಿ ತಾವೇ ಬಗ್ಗಿಸಿಕೊಂಡು ಕುಡಿಯುತ್ತಾರೆ.

ನನ್ನ ಅಣ್ಣ ಕುವೈತಿಗೆ ಹೋಗಿ ಎರಡು ವರ್ಷದ ಮೇಲೆ ಮೊದಲ ಸಲ ಊರಿಗೆ ಬಂದದ್ದು 1984ರಲ್ಲಿ. ಅಂಗಳಕ್ಕೆ ಕಾರು ಬಂದು ನಿಂತಾಗ ಅಮ್ಮ ಓಡಿ ಬಂದು ಅವನನ್ನೂ ಅದೇ ಮಾತು ಕೇಳಿದಳು. ಆಗ ಎಲ್ಲರೂ ನಕ್ಕೆವು. ಅಣ್ಣ ನೆಂಟನಾದದ್ದು ಅವತ್ತೇ ಎಂದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪ. ಕೆಳಗೆ ಅಡಿಕೆ ತೋಟ, ಮೇಲೆ ಗೇರು ಗುಡ್ಡೆ, ನಡುವೆ ಮನೆ. ಮನೆಮಾತು ಹವ್ಯಕ ಕನ್ನಡ, ಕೆಲಸದವರೊಡನೆ ತುಳು, ಕಚೇರಿಯಲ್ಲಿ ಮಲಯಾಳ. ಮಾರುಕಟ್ಟೆ, ಆಸ್ಪತ್ರೆ ಎಂದರೆ ಹೆಚ್ಚಾಗಿ ಮಂಗಳೂರು, ಪುತ್ತೂರು. ಈ ಪುಟ ಓದುವ ಎಷ್ಟೋ ಜನರ ಮನೆಯಲ್ಲಿ ಗಲ್ಫಿಗೋ ಬೇರೆ ದೂರದೇಶಕ್ಕೋ ಹೋದ ಅಣ್ಣನೋ ತಮ್ಮನೋ ಇದ್ದಾನೆ. ಅವರು ರಜೆಯಲ್ಲಿ ಬಂದು ಹೋಗುವ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. ನಮ್ಮ ಕತೆಯಲ್ಲಿ ಒಂದು ಸುರಂಗ ಇದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಬಸ್ಸು, ವಿಮಾನ, ಯುದ್ಧ

ಅಣ್ಣ 1982ರಲ್ಲಿ ಹೊರಟಾಗ ಬಜ್ಪೆಯಿಂದ ಹೊರದೇಶಕ್ಕೆ ವಿಮಾನ ಇರಲಿಲ್ಲ. ಮಂಗಳೂರಿನಿಂದ ಬೊಂಬಾಯಿಗೆ ಬಸ್ಸು, ಅಲ್ಲಿಂದ ವಿಮಾನ. ಹೋದ ಮೇಲೆ ತಿಂಗಳಿಗೊಂದು ಕಾಗದ, ನಡುನಡುವೆ ಬ್ಯಾಂಕಿನ ಡ್ರಾಫ್ಟು. ಆ ಡ್ರಾಫ್ಟಿನಲ್ಲೇ ನಮ್ಮ ಮನೆಗೆ ಹಂಚು ಹೋಗಿ ತಾರಸಿ ಬಂತು, ತಂಗಿಯ ಮದುವೆ ಆಯಿತು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಬರುವಾಗ ಟಾರ್ಚು, ಸೆಂಟು, ಟೇಪ್‌ರೆಕಾರ್ಡರು. ಹೋಗುವಾಗ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ, ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ಕ್ಯಾಸೆಟ್ಟುಗಳು.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅತ್ತಿಗೆ, ಒಂದು ವರ್ಷದ ಮಗಳು ಇಬ್ಬರೂ ಅಣ್ಣನ ಜೊತೆಗೇ ಇದ್ದರು. ಏಳು ವಾರ ಅವರ ಸುದ್ದಿಯೇ ಇಲ್ಲ. ಬಸ್ರಾ, ಬಾಗ್ದಾದು ದಾಟಿ ಜೋರ್ಡಾನಿನ ಅಮ್ಮಾನ್ ವರೆಗೆ ಬಸ್ಸಿನಲ್ಲಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ. ಹಾಗೆ ಬಂದ ಭಾರತೀಯರು ಸುಮಾರು 1 ಲಕ್ಷ 70 ಸಾವಿರ ಮಂದಿ. ಅವರಲ್ಲಿ ನಮ್ಮವರು ಮೂವರು. ಒಂದು ಚೀಲ, ಹೆಗಲ ಮೇಲೆ ಮಲಗಿದ ಮಗು. ಆ ಸಲ ಮಾತ್ರ ಅಮ್ಮ ‘ಆಸರಿಂಗೆ’ ಕೇಳಲಿಲ್ಲ. ಮಗುವನ್ನು ಎತ್ತಿಕೊಂಡು ಸೀದಾ ಒಳಗೆ ಹೋದಳು.

ಅಣ್ಣ ಆಮೇಲೆ ಎರಡು ವರ್ಷ ಊರಲ್ಲಿದ್ದ. ಅಡಿಕೆ ಸುಲಿದ, ಬೋರ್ಡೋ ದ್ರಾವಣ ಕಲಸಿದ, ಬೇಸಿಗೆಯಲ್ಲಿ ನನ್ನೊಡನೆ ಸುರಂಗದೊಳಗೆ ಹೋಗಿ ಮಣ್ಣು ಹೊತ್ತ. ನಾವಿಬ್ಬರೂ ಅಣ್ಣತಮ್ಮಂದಿರಾಗಿ ಬದುಕಿದ ಕಾಲ ಎಂದರೆ ಅದೇ. 1992ರಲ್ಲಿ ದುಬೈಯಲ್ಲಿ ಕೆಲಸ ಸಿಕ್ಕಿತು, ಹೋದ.

ಸುರಂಗ ಎಂದರೆ

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಗುಡ್ಡೆಗಳು ಮುರಕಲ್ಲಿನವು. ಮಳೆನೀರು ಮೇಲಿಂದ ಇಂಗಿ ಒಳಗೆ ಎಲ್ಲೋ ನಿಲ್ಲುತ್ತದೆ. ಬಾವಿ ಕೆಳಮುಖವಾಗಿ ತೋಡಿದರೆ ಸುರಂಗ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆಯುವುದು. ಆಳೆತ್ತರ, ಒಬ್ಬ ಹೋಗಿ ಬರುವಷ್ಟೇ ಅಗಲ. ಮುಂದಿನವ ಪಿಕ್ಕಾಸಿನಲ್ಲಿ ಕೊರೆಯಬೇಕು, ಹಿಂದಿನವ ಮಣ್ಣು ಹೊರಗೆ ಸಾಗಿಸಬೇಕು. ಬೆಳಕಿಗೆ ದೀಪ, ದೀಪ ನಂದಿದರೆ ಗಾಳಿ ಇಲ್ಲ ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ನೀರು ಸಿಕ್ಕಿತೋ, ಮೋಟಾರು ಬೇಡ, ಕರೆಂಟು ಬೇಡ. ತಾನಾಗಿ ಹರಿದು ಬಂದು ಟಾಂಕಿ ತುಂಬುತ್ತದೆ. ಪೆರ್ಲ, ಬಾಯಾರು, ಬದಿಯಡ್ಕ ಸುತ್ತಮುತ್ತ ಮತ್ತು ಗಡಿಯ ಆಚೆ ದಕ್ಷಿಣ ಕನ್ನಡದ ಕೆಲವು ಊರುಗಳಲ್ಲಿ ಇಂಥ ಸುರಂಗಗಳು ಇವೆ.

ನಮ್ಮದನ್ನು ಅಜ್ಜ ಕೊರೆಸಿದ್ದು 1940ರ ದಶಕದಲ್ಲಿ. ಉದ್ದ ಅರುವತ್ತು ಕೋಲು. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ವರ್ಷಕ್ಕೊಮ್ಮೆ ಒಳಗೆ ಕುಸಿದ ಮಣ್ಣು ತೆಗೆಯಬೇಕು. ತೆಗೆಯದಿದ್ದರೆ ನೀರು ಒಳಗೇ ಕಟ್ಟಿ ಬೇರೆ ದಾರಿ ಹುಡುಕುತ್ತದೆ. ಮನೆಗೆ ಕುಡಿಯಲಿಕ್ಕೆ ಈ ನೀರು, ತೋಟಕ್ಕೂ ಇದೇ ನೀರು.

ಅಪ್ಪ 1998ರಲ್ಲಿ ತೀರಿಕೊಂಡ. ಮರುವರ್ಷ ಅಣ್ಣ ರಜೆಯಲ್ಲಿ ಬಂದಾಗ ಪಾಲಾಯಿತು. ಮನೆ ಮತ್ತು ತೋಟ ನನಗೆ, ಗುಡ್ಡೆ ಅಣ್ಣನಿಗೆ. ಗೇರಿಗೆ ಕೆಲಸ ಕಡಿಮೆ, ದೂರದಲ್ಲಿರುವವನಿಗೆ ಅದೇ ಸುಲಭ ಎಂದು ಹಿರಿಯರು ಹೇಳಿದರು. ಅಣ್ಣ ಒಪ್ಪಿದ. ಇಪ್ಪತ್ತು ನಿಮಿಷದಲ್ಲಿ ಮಾತು ಮುಗಿಯಿತು, ಮಧ್ಯಾಹ್ನ ಪಾಯಸದ ಊಟ. ಸುರಂಗ ಇರುವುದು ಗುಡ್ಡೆಯಲ್ಲಿ, ನೀರು ಬೇಕಾದದ್ದು ತೋಟಕ್ಕೆ ಎಂಬುದು ಯಾರ ತಲೆಗೂ ಬರಲಿಲ್ಲ. ಅಣ್ಣತಮ್ಮಂದಿರ ನಡುವೆ ನೀರಿಗೆಂಥ ಕಾಗದ?

ಮೂರು ತಲೆಮಾರಿನ ಕಾಗದ

ನಮ್ಮ ಮನೆಯ ಪೆಟ್ಟಿಗೆಯಲ್ಲಿರುವ ದಾಖಲೆಗಳನ್ನು ಒಂದರ ಮೇಲೊಂದು ಇಟ್ಟರೆ ಈ ಸೀಮೆಯ ಚರಿತ್ರೆಯೇ ಕಾಣುತ್ತದೆ. ಅಜ್ಜನ ಗೇಣಿ ಚೀಟು ಕನ್ನಡದಲ್ಲಿ. ಆಗ ನಾವು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯವರು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿ ಅಪ್ಪನಿಗೆ ‘ಪಟ್ಟಯ’ ಸಿಕ್ಕಿತು. 1999ರ ನಮ್ಮ ಪಾಲುಪತ್ರ ಪೂರ್ತಿ ಮಲಯಾಳದಲ್ಲಿ. ಅಣ್ಣ ಮಲಯಾಳ ಮಾತಾಡುತ್ತಾನೆ, ಓದಲಿಕ್ಕೆ ಕಷ್ಟ. ಅವನ ಮಗಳು ಮನೆಯಲ್ಲಿ ನಮ್ಮ ಮಾತನ್ನೇ ಆಡುತ್ತಾಳೆ, ಆದರೆ ಕನ್ನಡ ಅಕ್ಷರ ಬಾರದು, ಮಲಯಾಳ ಅಕ್ಷರವೂ ಬಾರದು. ಅಂದರೆ ಆ ಗುಡ್ಡೆಗೆ ಮುಂದೆ ಹಕ್ಕುದಾರಳಾಗುವವಳು ಅದರ ಒಂದು ಕಾಗದವನ್ನೂ ಓದಲಾರಳು.

ಬಂದು ಹೋಗುವುದು ವರ್ಷದಿಂದ ವರ್ಷಕ್ಕೆ ಸುಲಭವಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. 2006ರಲ್ಲಿ ಬಜ್ಪೆಯಿಂದಲೇ ದುಬೈಗೆ ವಿಮಾನ ಶುರುವಾಯಿತು. ದಾರಿ ಹತ್ತಿರವಾದಷ್ಟೂ ರಜೆ ಚಿಕ್ಕದಾಯಿತು. ಎರಡು ತಿಂಗಳು ಇದ್ದದ್ದು ಒಂದು ತಿಂಗಳಾಯಿತು, ಕೊನೆಗೆ ಹತ್ತು ದಿನ. ಅದರಲ್ಲಿ ಎರಡು ಮದುವೆ, ಒಂದು ಉಪನಯನ, ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರು. ಮನೆಯಲ್ಲಿ ಉಳಿಯುವುದು ಮೂರು ರಾತ್ರಿ. ಮಕ್ಕಳು ಬಾಟ್ಲಿ ನೀರು ಕುಡಿದರು. ನಾವೂ ಪೆರ್ಲದಿಂದ ಬಾಟ್ಲಿ ತಂದಿಟ್ಟೆವು, ‘ಸುರಂಗದ ನೀರು ಕುಡಿಯಿರಿ’ ಎಂದು ಹೇಳಲಿಲ್ಲ.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ಹೋದರು. ಕಾಸರಗೋಡು, ದಕ್ಷಿಣ ಕನ್ನಡದವರೇ ಎಷ್ಟೋ ಮಂದಿ. ಅಣ್ಣನ ಟಿಕೇಟು ಮರುವಾರಕ್ಕಿತ್ತು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ವಿಮಾನ ನಿಂತಿತು. ಇತ್ತ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು, ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ಕಡೆಯ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದರು. ಆ ಏಪ್ರಿಲಿನಲ್ಲಿ ಅಮ್ಮ ತೀರಿಕೊಂಡಳು. ವಯಸ್ಸಾಗಿತ್ತು, ಮನೆಯಲ್ಲೇ, ನಿದ್ದೆಯಲ್ಲೇ. ಅಣ್ಣ ನೋಡಿದ್ದು ಮೊಬೈಲಿನಲ್ಲಿ. ಅಮ್ಮನ ಬಾಯಿಗೆ ನೀರು ಬಿಡುವಾಗ ಅವನು ಆ ಕಡೆಯಿಂದ, ‘ಸುರಂಗದ ನೀರಾ?’ ಎಂದು ಕೇಳಿದ. ಹೌದು ಎಂದೆ.

ಕೋರೆಯವರು ಬಂದರು

2022ರ ನವೆಂಬರಿನಲ್ಲಿ ಕೇರಳ ಸರ್ಕಾರ ಡಿಜಿಟಲ್ ಮರುಅಳತೆ ಆರಂಭಿಸಿತು. ಮರುವರ್ಷ ನಮ್ಮಲ್ಲಿ ಅಳತೆಯಾದಾಗ ಅಣ್ಣನ ಪರವಾಗಿ ಗುಡ್ಡೆಯ ಗಡಿ ತೋರಿಸಿದವ ನಾನೇ. ನಕ್ಷೆಯಲ್ಲಿ ನೆಲದ ಮೇಲಿನ ಗಡಿ ಚೆನ್ನಾಗಿ ಬಂತು. ನೆಲದ ಒಳಗಿನ ಸುರಂಗ ಅದರಲ್ಲಿ ಇರಲಿಲ್ಲ.

2024ರ ಏಪ್ರಿಲಿನಲ್ಲಿ ಅಣ್ಣ, ಅತ್ತಿಗೆ, ಮಗಳು, ಅವಳ ಆರು ವರ್ಷದ ಮಗು ಬಂದರು. ಅಣ್ಣನಿಗೆ ಆಗ ಅರುವತ್ತೇಳು. ಕೆಲಸ ಮುಗಿಯುವ ಕಾಲ. ಗಲ್ಫಿನಲ್ಲಿ ಹೆಚ್ಚಿನವರಿಗೆ ಕೆಲಸ ಮುಗಿಯಿತು ಎಂದರೆ ಮನೆಯೂ ಮುಗಿದ ಹಾಗೆ. ಮಂಗಳೂರಿನಲ್ಲಿ ಒಂದು ಫ್ಲಾಟು ನೋಡಿಟ್ಟಿದ್ದ. ಅದಕ್ಕೆ ಹಣ ಬೇಕು. ಮೂರನೇ ದಿನ ಇಬ್ಬರು ಜೀಪಿನಲ್ಲಿ ಬಂದು ಗುಡ್ಡೆ ನೋಡಿದರು. ಕೆಂಪುಕಲ್ಲಿನ ಕೋರೆಯವರು. ಅವರು ಹೇಳಿದ ಕ್ರಯ ನನ್ನ ಹತ್ತು ವರ್ಷದ ಅಡಿಕೆ ಸೇರಿಸಿದರೂ ಆಗದು.

ಅವತ್ತು ರಾತ್ರಿ ಜಗಲಿಯಲ್ಲಿ ಮಾತಿಗೆ ಮಾತು ಬೆಳೆಯಿತು.

‘ಗುಡ್ಡೆ ಕಡಿದರೆ ಸುರಂಗ ಉಳೀತದಾ?’ ಎಂದೆ.

‘ಸುರಂಗಕ್ಕೆ ಅಷ್ಟು ಬೆಲೆ ಇದ್ರೆ ಇಪ್ಪತ್ತೈದು ವರ್ಷದಲ್ಲಿ ಒಂದು ಸಲ ನನ್ನ ಹತ್ರ ಹೇಳಿದ್ಯಾ? ಮಣ್ಣು ತೆಗೀಲಿಕ್ಕೆ ಎಷ್ಟು ಖರ್ಚು ಅಂತ ಒಂದು ಸಲ ಕೇಳಿದ್ಯಾ?’ ಎಂದ ಅಣ್ಣ.

ನನಗೆ ಉತ್ತರ ಬರಲಿಲ್ಲ. ಅವನು ಹೇಳಿದ್ದು ಸರಿಯೇ. ಬಂದಾಗಲೆಲ್ಲ ಹೋಳಿಗೆ ಮಾಡಿ ಬಡಿಸಿದೆವು, ಹಪ್ಪಳ ಕಟ್ಟಿ ಕಳಿಸಿದೆವು. ಕೊಳೆರೋಗ ಬಂದು ಅರ್ಧ ಫಸಲು ಹೋದ ವರ್ಷವೂ ‘ಎಲ್ಲ ಚೆನ್ನಾಗುಂಟು’ ಎಂದೆವು. ಕಷ್ಟ ಹೇಳಿದರೆ ದುಡ್ಡು ಕೇಳಿದ ಹಾಗಾಗುತ್ತದೆ ಎಂಬ ಅಭಿಮಾನ ನಮಗೆ. ಊರಿನ ಲೆಕ್ಕ ಕೇಳಿದರೆ ತಮ್ಮನ ಮೇಲೆ ಸಂಶಯಪಟ್ಟ ಹಾಗೆ ಎಂಬ ದಾಕ್ಷಿಣ್ಯ ಅವನಿಗೆ. ಅವನು ನೆಂಟನಾದ ಎಂದು ನಾವು ದೂರುತ್ತಿದ್ದೆವು. ಅವನನ್ನು ನೆಂಟನ ಮಣೆಯಲ್ಲಿ ಕೂರಿಸಿದವರು ನಾವೇ.

ಮರುದಿನ ಬೆಳಿಗ್ಗೆ ಮಗಳು ಬಂದು, ‘ಅಪ್ಪಚ್ಚಿ, ನನ್ನನ್ನು ಒಳಗೆ ಕರಕೊಂಡು ಹೋಗಿ’ ಎಂದಳು. ಮೂವತ್ತೈದು ವರ್ಷದಲ್ಲಿ ಅವಳು ಸುರಂಗದೊಳಗೆ ಕಾಲಿಟ್ಟದ್ದು ಅದೇ ಮೊದಲು. ಟಾರ್ಚು ಹಿಡಿದು ನಾನು ಮುಂದೆ, ಅವಳು ಹಿಂದೆ, ಅವಳ ಹಿಂದೆ ಹೇಳದೆ ಬಂದ ಅಣ್ಣ. ಮೊಣಕಾಲಿನ ಕೆಳಗೆ ತಣ್ಣೀರು. ಕೊನೆಯಲ್ಲಿ ಕಲ್ಲಿನ ಬಿರುಕಿನಿಂದ ಬೆರಳು ಗಾತ್ರದ ನೀರು ಬರುತ್ತಿತ್ತು. ‘ಇಷ್ಟೇಯಾ?’ ಎಂದಳು. ‘ಇಷ್ಟೇ. ಹಗಲು ರಾತ್ರಿ ನಿಲ್ಲುವುದಿಲ್ಲ’ ಎಂದೆ. ಅಣ್ಣ ಗೋಡೆಯಲ್ಲಿ ಪಿಕ್ಕಾಸಿನ ಗುರುತು ಮುಟ್ಟಿ ನೋಡುತ್ತಾ ನಿಂತ.

ಕೊನೆಗೆ ಆದದ್ದು

ಅದರಿಂದ ಅಣ್ಣನ ಮನಸ್ಸು ಒಮ್ಮೆಲೇ ತಿರುಗಿತು ಎಂದರೆ ಸುಳ್ಳಾಗುತ್ತದೆ. ಫ್ಲಾಟಿನ ಅಗತ್ಯ ಹಾಗೆಯೇ ಇತ್ತು. ಆದರೆ ಅವತ್ತು ಲೆಕ್ಕ ಪುಸ್ತಕ ಹೊರಗೆ ಬಂತು. ಮಣ್ಣು ತೆಗೆದ ಕೂಲಿ, ತೋಟದ ಹುಟ್ಟುವಳಿ, ಸಾಲ, ಎಲ್ಲ. ಮಗಳು ಒಂದು ವಿಷಯ ಮೊದಲೇ ವಿಚಾರಿಸಿ ಬಂದಿದ್ದಳು: ಹೊರದೇಶದಲ್ಲಿ ನೆಲೆಸಿದ ಭಾರತೀಯರು ಪಿತ್ರಾರ್ಜಿತ ಕೃಷಿಭೂಮಿ ಇಟ್ಟುಕೊಳ್ಳಬಹುದು, ಊರಿನಲ್ಲಿರುವವರಿಗೆ ಮಾರಬಹುದು, ಆದರೆ ಹೊಸದಾಗಿ ಕೃಷಿಭೂಮಿ ಕೊಳ್ಳುವಂತಿಲ್ಲ. ‘ಒಮ್ಮೆ ಕೊಟ್ಟರೆ ನಾನು ಅಲ್ಲಿರುವಷ್ಟು ದಿನ ತಿರುಗಿ ತೆಗೊಳ್ಳಲಿಕ್ಕಿಲ್ಲ ಅಪ್ಪ’ ಎಂದಳು.

ಆದದ್ದು ಇಷ್ಟು. ಗುಡ್ಡೆಯಲ್ಲಿ ಸುರಂಗ ಇರುವ ಅರ್ಧವನ್ನು ಅಣ್ಣ ಇಟ್ಟುಕೊಂಡ. ರಸ್ತೆ ಬದಿಯ ಉಳಿದರ್ಧವನ್ನು ನಾನೇ ತೆಗೆದುಕೊಂಡೆ. ಹಣ ಮೂರು ಫಸಲಿನಲ್ಲಿ ಕೊಡುವುದು. ಕೋರೆಯವರ ಕ್ರಯಕ್ಕಿಂತ ಅದು ಬಹಳ ಕಡಿಮೆ. ಅಣ್ಣ ಮಂಗಳೂರಿನಲ್ಲಿ ಮೂರು ಕೋಣೆಯದ್ದು ಬಿಟ್ಟು ಎರಡು ಕೋಣೆಯ ಫ್ಲಾಟು ನೋಡಿದ. ಸುರಂಗದ ನೀರು ತೋಟಕ್ಕೂ ಮನೆಗೂ ಹರಿಯುವ ಹಕ್ಕನ್ನು, ಮಣ್ಣು ತೆಗೆಯಲು ಹೋಗಿ ಬರುವ ದಾರಿಯನ್ನು ಬೇರೆಯೇ ಪತ್ರದಲ್ಲಿ ಬರೆಸಿ ನೋಂದಣಿ ಮಾಡಿಸಿದೆವು. ಗುಡ್ಡೆ ನಾಳೆ ಯಾರ ಕೈಗೆ ಹೋದರೂ ಕಾಗದ ಮಾತಾಡಬೇಕು. ಪತ್ರ ಮಲಯಾಳದಲ್ಲಿ ಇದೆ. ಅದರ ಕನ್ನಡ ಪ್ರತಿಯನ್ನು ನಾನು ಕೈಯಲ್ಲೇ ಬರೆದು ಅಜ್ಜನ ಗೇಣಿ ಚೀಟಿನ ಜೊತೆ ಇಟ್ಟಿದ್ದೇನೆ. ಮಗಳು ಅದನ್ನು ನನ್ನಿಂದ ಓದಿಸಿ ಮೊಬೈಲಿನಲ್ಲಿ ಧ್ವನಿ ಹಿಡಿದುಕೊಂಡು ಹೋದಳು.

ನಿಮ್ಮ ಮನೆಯವರೂ ಬರುವ ಮೇ ತಿಂಗಳಲ್ಲಿ ಬರುವವರಿರಬಹುದು. ಹೋಳಿಗೆ ಖಂಡಿತ ಮಾಡಿ. ಆದರೆ ಹತ್ತು ದಿನದಲ್ಲಿ ಒಂದು ಬೆಳಿಗ್ಗೆ ಪೆಟ್ಟಿಗೆ ತೆಗೆದು ಕಾಗದ ಓದಿ ಹೇಳಿ, ಗಡಿಕಲ್ಲು ತೋರಿಸಿ, ಬಾವಿಯೋ ಸುರಂಗವೋ ಕೆರೆಯೋ ಯಾರ ಪಾಲಿನಲ್ಲಿದೆ, ನೀರು ಯಾರ ತೋಟಕ್ಕೆ ಎಂಬುದನ್ನು ಬಾಯಿಬಿಟ್ಟು ಮಾತಾಡಿ, ಬರೆಸಿ. ಹಿರಿಯರಿದ್ದಾಗ, ಮನಸ್ಸು ಚೆನ್ನಾಗಿರುವಾಗಲೇ ಅದು ಆಗಬೇಕು. ಕೋರೆಯ ಜೀಪು ಅಂಗಳಕ್ಕೆ ಬಂದ ಮೇಲೆ ಆಡಿದ ಮಾತು ಜಗಳದಂತೆಯೇ ಕೇಳಿಸುತ್ತದೆ.

ಹೊರಡುವ ದಿನ ಅಣ್ಣನ ಮೊಮ್ಮಗಳು ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ, ಮಣೆ ಎಳೆದು ಅದರ ಮೇಲೆ ನಿಂತು, ಕೊಡಪಾನದಿಂದ ನೀರು ಬಗ್ಗಿಸಿ ಕುಡಿದಳು. ಅರ್ಧ ಅಂಗಿಯ ಮೇಲೆ ಚೆಲ್ಲಿತು. ಅತ್ತಿಗೆ ಬೈಯಲು ಹೋದಳು, ಅಣ್ಣ ‘ಕುಡೀಲಿ ಬಿಡು’ ಎಂದ.